ಬಿಪಿ ಜಾಸ್ತಿ ಇರುವ ಗರ್ಭಿಣಿಗೆ 37 ವಾರಕ್ಕೇ ನೋವು ಬರಿಸುವುದು ಸರಿಯೇ?

ಹೆಂಡತಿಗೆ 37 ವಾರ, ಬಿಪಿ 150/100, ಮೂತ್ರದಲ್ಲಿ ಪ್ರೋಟೀನ್, ಡಾಕ್ಟರು ನಾಳೆ ಅಡ್ಮಿಟ್ ಮಾಡಿ ನೋವು ಬರಿಸೋಣ ಅಂದಿದ್ದಾರೆ, ಆದರೆ ಅತ್ತೆಯವರು 'ನೋವು ತಾನಾಗೇ ಬರಲಿ, ಇಲ್ಲದಿದ್ದರೆ ಸಿಸೇರಿಯನ್ ಆಗಿಬಿಡುತ್ತೆ' ಅನ್ನುತ್ತಿದ್ದಾರೆ ಎಂದು ಕೇಳಿದ್ದೀರಿ. ಹನ್ನೆರಡು ವರ್ಷದಿಂದ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದೇನೆ. ದಯವಿಟ್ಟು ಕಾಯಬೇಡಿ. ತಲೆ ಸಿಡಿಯುವಂತೆ ನೋವು, ಕಣ್ಣು ಮಂಜು, ಎದೆಗೂಡಿನ ಕೆಳಗೆ ನೋವು ಇದ್ದರೆ ನಾಳೆಯೂ ಅಲ್ಲ, ಈಗಲೇ ಹೊರಡಿ.

ಬಸುರಿಯಲ್ಲಿ ಬಿಪಿ ಏರಿ ಮೂತ್ರದಲ್ಲಿ ಪ್ರೋಟೀನ್ ಹೋಗುವ ಈ ಕಾಯಿಲೆಗೆ ಡಾಕ್ಟರು ಪ್ರಿಎಕ್ಲಾಂಪ್ಸಿಯಾ ಅನ್ನುತ್ತಾರೆ; ಹಿರಿಯರು 'ನಂಜು' ಅನ್ನುವುದು ಇದನ್ನೇ. ಇದರ ಬೇರು ಇರುವುದು ಮಾಸಿನಲ್ಲಿ. ಲ್ಯಾಬೆಟಲಾಲ್ ಮಾತ್ರೆ ಬಿಪಿಯನ್ನು ಹಿಡಿದಿಡುತ್ತದೆ, ಅಷ್ಟೇ; ಮಾಸು ಹೊರಗೆ ಬರುವತನಕ ಕಾಯಿಲೆ ಒಳಗೇ ಇರುತ್ತದೆ. 37 ವಾರಕ್ಕೆ ಮಗು ಬಲಿತಿರುತ್ತದೆ. ಆಮೇಲೆ ಕಾದರೆ ಫಿಟ್ಸಿನ ಭಯ ತಾಯಿಗೆ. ಸಿಸೇರಿಯನ್ ಭಯಕ್ಕೂ ಉತ್ತರ ಇದೆ: ನೆದರ್‌ಲ್ಯಾಂಡ್ಸ್‌ನಲ್ಲಿ 756 ಗರ್ಭಿಣಿಯರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನೋವು ಬರಿಸಿದವರಲ್ಲಿ ತಾಯಿಗೆ ತೊಂದರೆ ಕಡಿಮೆಯಾಯಿತು, ಸಿಸೇರಿಯನ್ ಹೆಚ್ಚಲಿಲ್ಲ.

ಆದರೆ ಇದಕ್ಕೆ ಹೊತ್ತು ಹಿಡಿಯುತ್ತದೆ, ಮನೆಯವರು ಸೋಲುವುದು ಇಲ್ಲೇ. ಗರ್ಭಕೋಶದ ಬಾಯಿ ಇನ್ನೂ ಗಟ್ಟಿಯಾಗಿದ್ದರೆ ಮೊದಲು ಅದನ್ನು ಮೆತ್ತಗೆ ಮಾಡಬೇಕು. ಒಳಗೆ ಫೋಲಿ ಕೊಳವೆ ಇಟ್ಟು ಅದರ ಬಲೂನಿಗೆ ನೀರು ತುಂಬುತ್ತಾರೆ, ಇಲ್ಲವೇ 25 ಮೈಕ್ರೋಗ್ರಾಂನ ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿಸುತ್ತಾರೆ. ಎರಡನ್ನೂ ನಾಗಪುರದ ಸರ್ಕಾರಿ ಆಸ್ಪತ್ರೆಗಳಲ್ಲಿ, ಬಿಪಿ ಇರುವ 602 ಗರ್ಭಿಣಿಯರಲ್ಲೇ ಹೋಲಿಸಿ ನೋಡಿದ್ದಾರೆ. 24 ಗಂಟೆಯೊಳಗೆ ನಾರ್ಮಲ್ ಹೆರಿಗೆ ಆದದ್ದು ಮಾತ್ರೆಯಲ್ಲಿ 57%, ಕೊಳವೆಯಲ್ಲಿ 47%. ಅಂದರೆ ಒಂದು ದಿನ ದಾಟುವವರೂ ಬೇಕಾದಷ್ಟು ಜನ. ಒಬ್ಬ ಚೊಚ್ಚಲ ಬಸುರಿಗೆ ಸಂಜೆ ಆರಕ್ಕೆ ಮೊದಲ ಮಾತ್ರೆ ಕೊಟ್ಟಿದ್ದೆ. ಬೆಳಗ್ಗೆ ನೋಡಿದರೆ ಬಾಯಿ ಎರಡು ಬೆರಳಷ್ಟೇ ತೆರೆದಿತ್ತು. ಅವಳ ತಾಯಿ ನನ್ನ ಕೈ ಹಿಡಿದು 'ಕೊಯ್ದು ತೆಗೆದುಬಿಡಿ ಸಿಸ್ಟರ್' ಎಂದು ಅತ್ತರು. ಮಗುವಿನ ಎದೆಬಡಿತ ಚೆನ್ನಾಗಿತ್ತು, ತಾಯಿಯ ಬಿಪಿಯೂ ಹತೋಟಿಯಲ್ಲಿತ್ತು, ಕಾದೆವು. ಮಧ್ಯಾಹ್ನ ನಾಲ್ಕಕ್ಕೆ ಹೆತ್ತಳು. ಇವೆರಡರಲ್ಲಿ ಒಂದು ಕೆಟ್ಟಿದ್ದರೂ ಥಿಯೇಟರಿಗೆ ಕರೆದೊಯ್ಯುತ್ತಿದ್ದೆವು, ಅದು ಸೋಲಲ್ಲ.

ಬಿಪಿ 160/110 ಮುಟ್ಟಿದರೆ ಸಾಮಾನ್ಯವಾಗಿ ಮೆಗ್ನೀಸಿಯಂ ಸಲ್ಫೇಟ್ ಇಂಜೆಕ್ಷನ್ ಕೊಡುತ್ತಾರೆ. ಮೈಯೆಲ್ಲ ಬೆಂಕಿ ಹರಿದಂತೆ ಬಿಸಿಯಾಗುತ್ತದೆ, ಹೆಂಡತಿಗೆ ಮೊದಲೇ ಹೇಳಿಡಿ. ನಾವು ಪದೇ ಪದೇ ಮಂಡಿಗೆ ಸಣ್ಣ ಸುತ್ತಿಗೆಯಿಂದ ತಟ್ಟುತ್ತೇವೆ, ಮೂತ್ರ ಅಳೆಯುತ್ತೇವೆ, ಉಸಿರು ಎಣಿಸುತ್ತೇವೆ. ಔಷಧಿ ಮೈಯಲ್ಲಿ ಹೆಚ್ಚಾದರೆ ಮೊದಲು ಮಂಡಿಯ ಜಿಗಿತವೇ ನಿಲ್ಲುತ್ತದೆ. ಫಿಟ್ಸನ್ನು ಅರ್ಧಕ್ಕಿಳಿಸುವ ಔಷಧಿ ಇದು, ಬೇಡ ಅನ್ನಬೇಡಿ.

ಹೆರಿಗೆ ಆದೊಡನೆ ಎಲ್ಲ ಮುಗಿಯಿತು ಅಂದುಕೊಂಡು ಮೈಮರೆಯುವುದನ್ನು ತುಂಬಾ ನೋಡಿದ್ದೇನೆ. ಬಿಪಿ ಮತ್ತೆ ಏರುವುದು ಮೂರರಿಂದ ಆರನೇ ದಿನದಲ್ಲಿ, ಅಂದರೆ ಬಾಣಂತಿ ಮನೆಗೆ ಹೋದ ಮೇಲೆ. ಆ ವಾರ ತಲೆನೋವು ಅಂದರೆ ಎಣ್ಣೆ ಹಚ್ಚಿ ಮಲಗಿಸಬೇಡಿ, ಬಿಪಿ ನೋಡಿಸಿ. ತವರಿಗೆ ಕಳಿಸುವಾಗ ಬಿಪಿ ಮಾತ್ರೆಯ ಚೀಟಿಯನ್ನು ತಾಯಿ ಕಾರ್ಡಿನ ಒಳಗೇ ಇಟ್ಟು ಕಳಿಸಿ.