ಅದು ಬೇರೆ ವಿಷಯ ಅಲ್ಲ

ಬಳ್ಳಾರಿಯ ಕೌಲ್ ಬಜಾರ್‌ನಿಂದ ಬಂದ ಒಂದು ಪತ್ರ ಓದಿದ ಮೇಲೆ ಎರಡು ದಿನ ನನಗೆ ಬೇರೆ ಪತ್ರ ಬಿಚ್ಚಲು ಮನಸ್ಸಾಗಲಿಲ್ಲ. ಅದಕ್ಕೇ ಈ ವಾರದ ಅಂಕಣ ಪೂರ್ತಿ ಅವರೊಬ್ಬರಿಗೇ.

ಪತ್ರದ ಸಾರ ಇಷ್ಟು. ಬರೆದವರಿಗೆ 36 ವರ್ಷ. ಸಣ್ಣ ಜೀನ್ಸ್ ಹೊಲಿಗೆ ಯೂನಿಟ್ ಇದೆ. ಒಂದನೇ ಕ್ಲಾಸಿನಿಂದ ಜೊತೆಗಿದ್ದ ಗೆಳೆಯನೊಬ್ಬ ಇದ್ದಾನೆ. ಇಬ್ಬರಿಗೂ ಫುಟ್‌ಬಾಲ್ ಅಂದರೆ ಪ್ರಾಣ. 2025ರ ಜುಲೈ ಮೊದಲ ವಾರ ಭಾರತ ತಂಡದ ಕೋಚ್ ಮನೋಲೊ ಮಾರ್ಕೆಜ್ ಹೊರಗೆ ಹೋದರು. ಆ ಕುರ್ಚಿಗೆ ಯಾರು ಬರಬೇಕು ಅಂತ ಹಳೇ ಸ್ನೇಹಿತರ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ತಿಂಗಳಿಡೀ ವಾದ. ಇವರು ಹಿಂದೆ ಭಾರತಕ್ಕೆ ಕೋಚ್ ಆಗಿದ್ದ ಇಂಗ್ಲೆಂಡಿನ ಸ್ಟೀಫನ್ ಕಾನ್‌ಸ್ಟಂಟೈನ್ ಪರ. ಗೆಳೆಯ ಭಾರತದವರೇ ಆದ ಖಾಲಿದ್ ಜಮೀಲ್ ಪರ. ಒಂದು ರಾತ್ರಿ ಇವರು ಗ್ರೂಪಿನಲ್ಲಿ ಬರೆದರು: 'ಬೆಳಿಗ್ಗೆ ನಾಲ್ಕು ಕೋನ್ ಇಟ್ಟು ಸೀಟಿ ಊದಿದರೆ ಕೋಚ್ ಆಗಲ್ಲ. ನಮ್ಮೋರಿಗೆ ಇದು ಆಗೋ ಕೆಲಸ ಅಲ್ಲ.' ಗೆಳೆಯ ಒಂದು ಮಾತೂ ಆಡದೆ ಗ್ರೂಪ್ ಬಿಟ್ಟ. ಆಗಸ್ಟ್ 1ರಂದು ಜಮೀಲ್ ಅವರೇ ಕೋಚ್ ಆದರು. ಅಕ್ಟೋಬರ್‌ನಲ್ಲಿ ಭಾರತ ಸಿಂಗಪುರದ ಎದುರು ಮಡಗಾಂವ್‌ನಲ್ಲಿ 2-1ರಿಂದ ಸೋತು ಏಷ್ಯನ್ ಕಪ್ ದಾರಿ ಮುಚ್ಚಿದ ರಾತ್ರಿ, ಇವರು ಗೆಳೆಯನಿಗೆ 'ನೋಡಿದ್ಯಾ?' ಅಂತ ಮೆಸೇಜ್ ಹಾಕಿದರು. ಉತ್ತರ ಬರಲಿಲ್ಲ. 'ನನ್ನ ವಾದ ತಪ್ಪಾ? ಅವನಿಗೆ ಹೇಗೆ ತಿಳಿಸಿ ಹೇಳಲಿ?' ಇದು ಇವರ ಪ್ರಶ್ನೆ.

ನೋಡಿ, ನಿಮ್ಮ ಪತ್ರ ನಾಲ್ಕು ಪುಟ ಇದೆ. ಮೂರೂವರೆ ಪುಟ ಕೋಚ್‌ಗಳ ಬಗ್ಗೆ. ಮೂರನೇ ಪುಟದ ಕೊನೆಯಲ್ಲಿ ಒಂದು ಸಾಲಿದೆ: 'ಮಗನನ್ನೂ ಈಗ ಅವನ ಗ್ರೌಂಡಿಗೆ ಕಳಿಸುತ್ತಿಲ್ಲ, ಅದು ಬೇರೆ ವಿಷಯ.'

ಅದು ಬೇರೆ ವಿಷಯ ಅಲ್ಲ. ನಿಮ್ಮ ಇಡೀ ಪತ್ರದಲ್ಲಿ ಇರುವ ವಿಷಯ ಅದೊಂದೇ.

ಆ ಸಾಲಿನ ಹಿಂದೆ ಮುಂದೆ ನೀವೇ ಬರೆದದ್ದನ್ನು ನಾನು ಜೋಡಿಸಿ ಓದಿದೆ. ನಿಮ್ಮ ಗೆಳೆಯ ಆರು ವರ್ಷದಿಂದ ಬೆಳಿಗ್ಗೆ ಐದೂವರೆಗೆ ಎದ್ದು ಓಣಿಯ ಇಪ್ಪತ್ತು ಮಕ್ಕಳಿಗೆ ಫುಟ್‌ಬಾಲ್ ಕಲಿಸುತ್ತಿದ್ದಾನೆ. ಒಂದು ರೂಪಾಯಿ ತೆಗೆದುಕೊಳ್ಳುವುದಿಲ್ಲ. ಆ ಮಕ್ಕಳಲ್ಲಿ ಒಂಬತ್ತು ವರ್ಷದ ನಿಮ್ಮ ಮಗನೂ ಇದ್ದ. ಬಿಸಿಲು ಏರುವ ಮೊದಲು ಆಟ ಮುಗಿಸಿ, ಎಲ್ಲರನ್ನೂ ಸ್ಕೂಲಿನ ಹೊತ್ತಿಗೆ ಮನೆ ಮುಟ್ಟಿಸಿ, ಆಮೇಲೆ ಅವನು ಕೆಲಸಕ್ಕೆ ಹೋಗುತ್ತಾನೆ. ಬಳ್ಳಾರಿಯ ಏಪ್ರಿಲ್ ಬಿಸಿಲು ಗೊತ್ತಿರುವವರಿಗೆ ಇದು ಏನು ಅಂತ ನಾನು ಹೇಳಬೇಕಿಲ್ಲ. ಈಗ ನೀವು ಗ್ರೂಪಿನಲ್ಲಿ ಬರೆದ ಮಾತನ್ನು ಇನ್ನೊಂದು ಸಲ ಓದಿ. ನಾಲ್ಕು ಕೋನ್, ಸೀಟಿ. ಇದು ಖಾಲಿದ್ ಜಮೀಲ್ ಬಗ್ಗೆ ಬರೆದ ಮಾತಾ? ಕೌಲ್ ಬಜಾರ್‌ನಲ್ಲಿ ಬೆಳಿಗ್ಗೆ ಕೋನ್ ಇಡುವವನು ಒಬ್ಬನೇ. ಅವನಿಗೆ ಅರ್ಥ ಆಯಿತು. ಗ್ರೂಪಿನಲ್ಲಿದ್ದ ಎಲ್ಲರಿಗೂ ಅರ್ಥ ಆಯಿತು. ಬರೆದ ನಿಮಗೂ ಆಗಲೇ ಗೊತ್ತಿತ್ತು ಅಂತ ನನಗೆ ಅನಿಸುತ್ತದೆ.

ಈ ಅಂಕಣ ಓದುವವರಿಗೆ ನನ್ನ ಒಂದು ಹಟ ಗೊತ್ತು. ಊರಿನ ಮಕ್ಕಳಿಗೆ ಪುಕ್ಕಟೆ ಏನನ್ನಾದರೂ ಕಲಿಸುವವರ ಬಗ್ಗೆ ಯಾರೂ ಹಗುರವಾಗಿ ಮಾತಾಡಬಾರದು. ಅದು ಭಜನೆ ಇರಲಿ, ಲೆಕ್ಕ ಇರಲಿ, ಈಜು ಇರಲಿ. ಅಂಥವರು ಒಂದು ಸಲ ಮನಸ್ಸು ಮುರಿದುಕೊಂಡು ಕೂತರೆ ಆ ಜಾಗಕ್ಕೆ ಅರ್ಜಿ ಹಾಕುವವರು ಯಾರೂ ಇರುವುದಿಲ್ಲ. ಭಾರತ ತಂಡದ ಕೋಚ್ ಕೆಲಸಕ್ಕೆ 170 ಅರ್ಜಿ ಬಂದಿದ್ದವು. ನಿಮ್ಮ ಓಣಿಯ ಐದೂವರೆ ಗಂಟೆಯ ಕೆಲಸಕ್ಕೆ ಎಷ್ಟು ಬರುತ್ತವೆ ಹೇಳಿ?

ಇನ್ನು ವಾದದ ಮಾತು. ಕೇಳಿದ್ದೀರಿ, ಹೇಳುತ್ತೇನೆ. ಕಾನ್‌ಸ್ಟಂಟೈನ್ ಬೇಕು ಅಂದಿದ್ದರಲ್ಲಿ ತಪ್ಪೇನಿಲ್ಲ. 2015ರಲ್ಲಿ ಅವರು ಎರಡನೇ ಸಲ ಬಂದ ಹೊಸದರಲ್ಲಿ ಭಾರತ ವಿಶ್ವ ರ‍್ಯಾಂಕಿಂಗ್‌ನಲ್ಲಿ 173ನೇ ಸ್ಥಾನಕ್ಕೆ ಇಳಿದಿತ್ತು. 2017ರಲ್ಲಿ 96ಕ್ಕೆ ಬಂತು. 2019ರ ಏಷ್ಯನ್ ಕಪ್‌ನಲ್ಲಿ ಥಾಯ್ಲೆಂಡನ್ನು 4-1ರಿಂದ ಸೋಲಿಸಿದ ರಾತ್ರಿ ನೀವಿಬ್ಬರೂ ಒಂದೇ ಬೈಕಿನಲ್ಲಿ ಊರು ಸುತ್ತಿದ್ದು ನಿಮ್ಮ ಪತ್ರದಲ್ಲೇ ಇದೆ. ಆದರೆ ನಿಮ್ಮ ಗೆಳೆಯನೂ ಸುಮ್ನೆ ಹೇಳಿದ್ದಲ್ಲ. ಜಮೀಲ್ 2017ರಲ್ಲಿ ಮಿಜೋರಾಂನ ಪುಟ್ಟ ಐಜ್ವಾಲ್ ತಂಡವನ್ನು ಆಗಿನ ರಾಷ್ಟ್ರೀಯ ಲೀಗ್ ಆದ ಐ-ಲೀಗ್‌ನಲ್ಲಿ ಚಾಂಪಿಯನ್ ಮಾಡಿದವರು. ದೊಡ್ಡ ದುಡ್ಡು, ದೊಡ್ಡ ಹೆಸರು ಯಾವುದೂ ಇಲ್ಲದ ತಂಡ ಅದು. ಅವರ ಕೈಗೆ ಭಾರತ ತಂಡ ಸಿಕ್ಕಾಗ ಏಷ್ಯನ್ ಕಪ್ ಅರ್ಹತಾ ಸುತ್ತಿನ ಎರಡು ಪಂದ್ಯ ಆಗಲೇ ಮುಗಿದಿದ್ದವು. ಬಾಂಗ್ಲಾದೇಶದ ಜೊತೆ 0-0, ಹಾಂಗ್‌ಕಾಂಗ್ ಎದುರು 0-1. ಎರಡು ಪಂದ್ಯಕ್ಕೆ ಒಂದೇ ಪಾಯಿಂಟ್. ಆಮೇಲೆ ಕಾಫಾ ನೇಷನ್ಸ್ ಕಪ್ ಅನ್ನುವ ಬೇರೆ ಟೂರ್ನಿಯಲ್ಲಿ ತಾಜಿಕಿಸ್ತಾನವನ್ನು ಸೋಲಿಸಿ, ಒಮಾನ್ ವಿರುದ್ಧ ಪೆನಾಲ್ಟಿಯಲ್ಲಿ ಗೆದ್ದು ಮೂರನೇ ಸ್ಥಾನ ಬಂದ ಸೆಪ್ಟೆಂಬರ್‌ನಲ್ಲಿ ನೀವು 'ನೋಡಿದ್ಯಾ?' ಅಂತ ಮೆಸೇಜ್ ಹಾಕಿರಲಿಲ್ಲ. ಸೋತ ದಿನ ಹಾಕಿದಿರಿ.

'ನಮ್ಮೋರಿಗೆ ಆಗಲ್ಲ' ಅನ್ನುವ ಮಾತನ್ನಂತೂ ನಾನು ಒಪ್ಪುವುದೇ ಇಲ್ಲ. ನಾನು ರಾಯಚೂರಿನವಳು. ನಮ್ಮ ಅಪ್ಪ ಹುಟ್ಟಿ ಬೆಳೆದಾಗ ಅದು ಹೈದರಾಬಾದ್ ಸಂಸ್ಥಾನ. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಮೊದಲು ಶಾಲೆ ಮೇಷ್ಟ್ರು. ಅವರು ತಯಾರು ಮಾಡಿದ ಹೈದರಾಬಾದ್ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಸಲ ಬಾಂಬೆಯ ರೋವರ್ಸ್ ಕಪ್ ಫುಟ್‌ಬಾಲ್ ಟೂರ್ನಿ ಗೆದ್ದಿತು. ಅವರೇ ಭಾರತ ತಂಡಕ್ಕೂ ಕೋಚ್. 1951 ಮತ್ತು 1962ರಲ್ಲಿ ಏಷ್ಯನ್ ಗೇಮ್ಸ್ ಚಿನ್ನ ತಂದರು. ರಾಯಚೂರು ಕನ್ನಡ ನಾಡಿಗೆ ಸೇರಿದ್ದು 1956ರ ನವೆಂಬರ್ 1. ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ಕ್ಕೆ, ಮೆಲ್ಬೋರ್ನ್ ಒಲಿಂಪಿಕ್ಸ್‌ನಲ್ಲಿ ರಹೀಮ್ ಸಾಹೇಬರ ತಂಡ ಆಸ್ಟ್ರೇಲಿಯಾವನ್ನು ಅವರದೇ ನೆಲದಲ್ಲಿ 4-2ರಿಂದ ಹೊಡೆದು ಸೆಮಿಫೈನಲ್ ಸೇರಿತು. ಅಪ್ಪ ಈ ಎರಡು ತಾರೀಕುಗಳನ್ನು ಯಾವಾಗಲೂ ಜೊತೆಯಾಗಿಯೇ ಹೇಳುತ್ತಿದ್ದರು.

ಅಪ್ಪನ ಜೊತೆ ಹೈದರಾಬಾದಿಗೆ ರೈಲಿನಲ್ಲಿ ಹೋಗಿ ಆಟ ನೋಡಿ ಬರುತ್ತಿದ್ದ ಗೆಳೆಯರೊಬ್ಬರಿದ್ದರು. ರಾಯಚೂರಿನ ತೀನ್ ಕಂದೀಲ್ ಹತ್ತಿರ ಅವರ ಮನೆ. ಅವರ ಹೆಂಡತಿ ಹತ್ತಿರ ನಾನು ಹಾರ್ಮೋನಿಯಂ ಕಲಿಯುತ್ತಿದ್ದೆ. ನನಗೂ ಆಗ ಒಂಬತ್ತು ವರ್ಷ. ಮುನ್ಸಿಪಾಲಿಟಿ ಚುನಾವಣೆಯಲ್ಲಿ ಯಾರಿಗೆ ಓಟು ಅನ್ನುವುದಕ್ಕೆ ಇಬ್ಬರೂ ಮಾತು ಬಿಟ್ಟರು. ಒಂದು ಸಂಜೆ ಅಪ್ಪ 'ಇನ್ನು ಅಲ್ಲಿಗೆ ಹೋಗಬೇಡ' ಅಂದರು. ಯಾಕೆ ಅಂತ ಯಾರೂ ಹೇಳಲಿಲ್ಲ. ನಾನು ಏನೋ ತಪ್ಪು ಮಾಡಿದ್ದೇನೆ, ಅದಕ್ಕೇ ಆ ಅಮ್ಮ ನನ್ನನ್ನು ಬೇಡ ಅಂದಿದ್ದಾರೆ ಅಂತಲೇ ತುಂಬಾ ವರ್ಷ ಅಂದುಕೊಂಡಿದ್ದೆ. ಆ ಚುನಾವಣೆಯಲ್ಲಿ ಯಾರು ಗೆದ್ದರು ಅಂತ ಕೊನೆಗಾಲದಲ್ಲಿ ಅಪ್ಪನಿಗೇ ನೆನಪಿರಲಿಲ್ಲ. ನನಗೆ ಇವತ್ತಿಗೂ ಹಾರ್ಮೋನಿಯಂ ನುಡಿಸಲು ಬರುವುದಿಲ್ಲ.

ನಿಮ್ಮ ಮಗನಿಗೆ ನೀವು ಏನು ಹೇಳಿದ್ದೀರಿ? ಪತ್ರದಲ್ಲಿ ಅದಿಲ್ಲ.

ನಿಮ್ಮ ಮೇಲೆ ಇಷ್ಟು ಖಾರವಾಗಿ ಬರೆದೆ. ಆದರೆ ನನಗೆ ಜಾಸ್ತಿ ಸಿಟ್ಟು ಬಂದಿರುವುದು ಬೆಂಗಳೂರಿನಲ್ಲಿ ಕೂತಿರುವ ನಿಮ್ಮ ಗ್ರೂಪ್ ಅಡ್ಮಿನ್ ಮೇಲೆ. ಬಾರ್ಸಿಲೋನಾದ ಮಾಜಿ ಕೋಚ್ ಕ್ಸಾವಿ ಇಮೇಲ್‌ನಲ್ಲಿ ಅರ್ಜಿ ಹಾಕಿದ್ದಾರೆ ಅನ್ನುವ ಸುದ್ದಿ ಹಾಕಿ ಕಿಡಿ ಹೊತ್ತಿಸಿದ್ದು ಅವರು. ಆ ಇಮೇಲ್ ಅಸಲಿ ಅಲ್ಲ ಅಂತ ಫುಟ್‌ಬಾಲ್ ಫೆಡರೇಶನ್ ಹೇಳಿದ ಮೇಲೂ ಬಿಡಲಿಲ್ಲ. ದಿನಾ ರಾತ್ರಿ ನಿಮ್ಮಿಬ್ಬರ ಹೆಸರು ಹಾಕಿ 'ಇವತ್ತು ಯಾರ ಪಾಯಿಂಟ್ ಸರಿ' ಅಂತ ಪೋಲ್ ಮಾಡಿದರು. ನೀವು ಆ ಮಾತು ಬರೆದಾಗ ಮೊದಲು ನಗುವ ಎಮೋಜಿ ಹಾಕಿದ್ದೂ ಅವರೇ ಅಂತ ಬರೆದಿದ್ದೀರಿ. ಇಬ್ಬರು ಗೆಳೆಯರ ನಡುವೆ ಸ್ಕೋರ್ ಬರೆಯುವವನು ಗೆಳೆಯ ಅಲ್ಲ. ಅವರ ಜೊತೆ ಏನು ಮಾಡಬೇಕು ಅಂತ ನೀವು ಕೇಳಿಲ್ಲ. ಆದರೂ ಹೇಳುತ್ತೇನೆ: ಆ ಗ್ರೂಪಿನಲ್ಲಿ ಈ ವಿಷಯದ ಬಗ್ಗೆ ಇನ್ನು ಒಂದಕ್ಷರ ಬರೆಯಬೇಡಿ. ಕ್ಷಮೆಯನ್ನೂ ಅಲ್ಲಿ ಕೇಳಬೇಡಿ. ಫೋನಿನಲ್ಲಿ ಹುಟ್ಟಿದ ಜಗಳ ಫೋನಿನಲ್ಲಿ ಸಾಯುವುದಿಲ್ಲ, ಇದನ್ನು ನಾನು ಎಷ್ಟು ಸಲ ಬರೆದಿದ್ದೇನೋ ಲೆಕ್ಕ ಇಲ್ಲ.

ಅವನಿಗೆ 'ತಿಳಿಸಿ ಹೇಳುವುದು' ಏನೂ ಇಲ್ಲ. ನೀವು ಮಾಡಬೇಕಾದ್ದು ಒಂದೇ. ನಾಳೆ ಬೆಳಿಗ್ಗೆ ಮಗನನ್ನು ಎಬ್ಬಿಸಿ, ಶೂ ಹಾಕಿಸಿ, ನೀವೇ ಕೈ ಹಿಡಿದು ಗ್ರೌಂಡಿಗೆ ಕರೆದುಕೊಂಡು ಹೋಗಿ. ಹೆಂಡತಿ ಜೊತೆ ಕಳಿಸಬೇಡಿ. ಗೇಟಿನ ಹತ್ತಿರ ಬಿಟ್ಟು ಗಾಡಿ ತಿರುಗಿಸಬೇಡಿ. ಐದೂವರೆ ಅಂದರೆ ಐದೂವರೆ. ಗೆಳೆಯ ಕೋನ್ ಇಡುತ್ತಿರುತ್ತಾನೆ. ಅರ್ಧ ನೀವು ಇಡಿ. 'ನಾನು ಆಡಿದ ಮಾತು ತಪ್ಪು' ಅನ್ನುವುದಕ್ಕೆ ಒಂದು ಸಾಲು ಸಾಕು. ಜಮೀಲ್, ಕಾನ್‌ಸ್ಟಂಟೈನ್ ಅನ್ನುವ ಹೆಸರುಗಳು ಅವತ್ತು ನಿಮ್ಮ ಬಾಯಿಂದ ಬರಕೂಡದು. ಅವನು ಮುಖ ತಿರುಗಿಸಿದರೆ ತಿರುಗಿಸಲಿ. ಪ್ರ್ಯಾಕ್ಟೀಸ್ ಮುಗಿಯುವವರೆಗೆ ಪಕ್ಕದಲ್ಲಿ ನಿಂತಿರಿ. ಮಾರನೇ ದಿನವೂ ಹೋಗಿ. ಮೊದಲೆಲ್ಲ ಪ್ರ್ಯಾಕ್ಟೀಸ್ ಆದ ಮೇಲೆ ಮೂವರೂ ಕೂತು ಒಗ್ಗಾಣಿ-ಮಿರ್ಚಿ ತಿನ್ನುತ್ತಿದ್ದಿರಿ ಅಂತ ಬರೆದಿದ್ದೀರಲ್ಲ, ಅದಕ್ಕೆ ಅವನು ಬರಲು ಒಂದು ವಾರ ಹಿಡಿಯಬಹುದು. ಒಂದು ತಿಂಗಳೂ ಹಿಡಿಯಬಹುದು.

ಇನ್ನೊಂದು. ನಿಮ್ಮ ಯೂನಿಟ್‌ನಲ್ಲಿ ಉಳಿದ ಪಾಕೆಟ್ ಬಟ್ಟೆಯಲ್ಲಿ ಆ ಮಕ್ಕಳಿಗೆ ಪ್ರ್ಯಾಕ್ಟೀಸ್‌ನಲ್ಲಿ ಅಂಗಿ ಮೇಲೆ ಹಾಕುವ ಇಪ್ಪತ್ತು ಬಿಬ್ ಹೊಲಿದು ಕೊಟ್ಟಿದ್ದೆ ಅಂತ ಹೇಳಿದ್ದೀರಿ. ಅದು ಮೂರು ವರ್ಷದ ಹಿಂದಿನ ಮಾತು. ಇಷ್ಟು ಹೊತ್ತಿಗೆ ಅರ್ಧಕ್ಕರ್ಧ ಹರಿದಿರುತ್ತವೆ. ಹರಿದವನ್ನು ಎಣಿಸಿಕೊಂಡು ಬನ್ನಿ.