ಮೂರು ವಾರದಲ್ಲಿ ಆಪರೇಷನ್. ಈಗ ಬೀಡಿ ಬಿಟ್ಟರೆ ಕಫ ಜಾಸ್ತಿಯಾಗಿ ತೊಂದರೆ ಆಗುತ್ತಾ?

ನಾನು ಅನಸ್ತೇಶಿಯಾ ಡಾಕ್ಟರ್. ನಿಮ್ಮ ತಂದೆಯವರಿಗೆ ಪಿತ್ತಕೋಶದ ಆಪರೇಷನ್, ಪೂರ್ತಿ ಪ್ರಜ್ಞೆ ತಪ್ಪಿಸಿ ಮಾಡುತ್ತಾರೆ, ಅವರಿಗೆ ದಿನಕ್ಕೊಂದು ಕಟ್ಟು ಬೀಡಿ ಬೇಕು ಎಂದು ಬರೆದಿದ್ದೀರಿ. ಈಗ ಬಿಟ್ಟರೆ ಕಫ ಕಟ್ಟುತ್ತದೆ, ಆಪರೇಷನ್ ಆದಮೇಲೆ ಬಿಡಿಸಿ ಎಂದು ನೆಂಟರೊಬ್ಬರು ಹೇಳಿದರಂತೆ. ಕಾಯಬೇಡಿ, ಇವತ್ತೇ ಬಿಡಿಸಿ.

ಆ ನೆಂಟರ ಮಾತು ಸುಮ್ನೆ ಹುಟ್ಟಿದ್ದಲ್ಲ. ಒಂದು ಕಾಲಕ್ಕೆ ಡಾಕ್ಟರುಗಳೇ ಹಾಗೆ ಹೇಳುತ್ತಿದ್ದರು. ಶ್ವಾಸನಾಳದ ಒಳಗೆ ಕಫವನ್ನು ಮೇಲಕ್ಕೆ ತಳ್ಳುವ ಸಣ್ಣ ಸಣ್ಣ ರೋಮಗಳಿವೆ. ಹೊಗೆ ಅವನ್ನು ಮಂಕು ಮಾಡಿಬಿಟ್ಟಿರುತ್ತದೆ. ಬೀಡಿ ಬಿಟ್ಟಮೇಲೆ ಅವು ಮತ್ತೆ ಕೆಲಸ ಶುರು ಮಾಡುತ್ತವೆ, ಆಗ ಕೆಲವರಿಗೆ ಸ್ವಲ್ಪ ದಿನ ಕೆಮ್ಮು ಜಾಸ್ತಿ. ಆದರೆ ಇದರಿಂದ ಆಪರೇಷನ್ನಿಗೆ ಅಪಾಯ ಹೆಚ್ಚುತ್ತದೆ ಎನ್ನುವುದು ಆಮೇಲಿನ ಅಧ್ಯಯನಗಳಲ್ಲಿ ಕಂಡಿಲ್ಲ. ನಾಲ್ಕು ವಾರ ಅಥವಾ ಅದಕ್ಕಿಂತ ಮುಂಚೆ ಬಿಟ್ಟರೆ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ನಿಮಗೆ ಮೂರು ವಾರ ಇದೆ. ಇರುವಷ್ಟನ್ನು ಬಳಸಿಕೊಳ್ಳಿ.

ಒಂದೇ ದಿನ ಬಿಟ್ಟರೂ ಲಾಭ ಇದೆ. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ರಕ್ತದ ಹಿಮೋಗ್ಲೋಬಿನ್ನಿಗೆ ಅಂಟಿಕೊಂಡು, ಆಮ್ಲಜನಕಕ್ಕೆ ಸೀಟೇ ಬಿಡುವುದಿಲ್ಲ. ರಕ್ತದ ಆಮ್ಲಜನಕ ನೋಡಲು ಬೆರಳಿಗೆ ಹಾಕುವ ಕ್ಲಿಪ್ಪಿಗೆ ಇವೆರಡರ ವ್ಯತ್ಯಾಸ ತಿಳಿಯದು, 98 ಎಂದು ತೋರಿಸುತ್ತಾ ಕೂತಿರುತ್ತದೆ. ಸೇದುವುದು ನಿಲ್ಲಿಸಿದರೆ 12ರಿಂದ 24 ಗಂಟೆಯಲ್ಲಿ ಈ ವಿಷದ ಬಹುಪಾಲು ಹೊರಗೆ ಹೋಗುತ್ತದೆ.

ನನಗೆ ನಿಜವಾಗಿ ಭಯ ಆಗುವುದು ಎರಡು ಹೊತ್ತಿನಲ್ಲಿ: ಗಂಟಲಿಗೆ ಟ್ಯೂಬ್ ಹಾಕುವಾಗ, ತೆಗೆಯುವಾಗ. ಬೀಡಿ ಸೇದುವವರ ಶ್ವಾಸನಾಳ ಸಿಡುಕು ಸ್ವಭಾವದ್ದು. ಮುಟ್ಟಿದರೆ ಕೆಮ್ಮು, ಬಿಗಿತ. ಕೆಲವೊಮ್ಮೆ ಧ್ವನಿಪೆಟ್ಟಿಗೆ ಫಟ್ಟನೆ ಮುಚ್ಚಿಕೊಂಡು ಗಾಳಿಯೇ ಹೋಗುವುದಿಲ್ಲ. ಅದಕ್ಕೆ ಔಷಧಿ ಇದೆ, ನಮಗೆ ಅಭ್ಯಾಸವೂ ಇದೆ. ಆದರೂ ಆ ಅರ್ಧ ನಿಮಿಷ ಥಿಯೇಟರಿನಲ್ಲಿ ಯಾರೂ ಮಾತಾಡುವುದಿಲ್ಲ. ವಾರ್ಡಿಗೆ ಬಂದಮೇಲೂ ಮುಗಿಯಲಿಲ್ಲ. ಹೊಟ್ಟೆ ನೋವಿಗೆ ಹೆದರಿ ಕೆಮ್ಮುವುದಿಲ್ಲ, ಕಫ ಒಳಗೇ ಕೂರುತ್ತದೆ, ನ್ಯುಮೋನಿಯಾಗೆ ದಾರಿ ಆಗುತ್ತದೆ. ಗಾಯ ಮಾಯುವುದೂ ನಿಧಾನ, ಏಕೆಂದರೆ ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿ ಮಾಡುತ್ತದೆ.

ಒಂದು ತಮಾಷೆ ಹೇಳುತ್ತೇನೆ. ಅನಸ್ತೇಶಿಯಾ ಆದಮೇಲೆ ಬರುವ ವಾಂತಿ ಸೇದುವವರಿಗೆ ಕಡಿಮೆ. ಇದನ್ನು ಮಾತ್ರ ತಂದೆಯವರಿಗೆ ಹೇಳಬೇಡಿ.

ಬಿಡುವುದು ಸುಲಭ ಅಲ್ಲ, ಗೊತ್ತು. ನಿಕೋಟಿನ್ ಗಮ್ ಕೊಡಬಹುದಾ ಎಂದು ನಿಮ್ಮ ಡಾಕ್ಟರನ್ನೇ ಕೇಳಿ. 1800-11-2356 ಸರ್ಕಾರದ ಉಚಿತ ಸಹಾಯವಾಣಿ, ಸಿಗರೇಟು ಪ್ಯಾಕಿನ ಮೇಲೂ ಅಚ್ಚಾಗಿರುತ್ತದೆ. ಆಪರೇಷನ್ ದಿನ ಬೆಳಿಗ್ಗೆ ಜೊತೆಯಲ್ಲೇ ಇರಿ. ಖಾಲಿ ಹೊಟ್ಟೆ ಎಂದರೆ ತಿಂಡಿ, ಕಾಫಿ ಬಿಟ್ಟರೆ ಸಾಕು ಎಂದುಕೊಂಡು ಗೇಟಿನ ಹತ್ತಿರ ಹೋಗಿ ಒಂದು ದಮ್ ಎಳೆದು ಬರುವವರು ಬೇಕಾದಷ್ಟು ಜನ.

ಇನ್ನೊಂದು ಮಾತು. ಎಷ್ಟು ಸೇದುತ್ತೀರಿ ಎಂದು ನಾನು ಕೇಳಿದರೆ ಹೆಂಡತಿ ಮಕ್ಕಳ ಮುಂದೆ ಬರುವ ಉತ್ತರ ಒಂದೇ: "ಯಾವಾಗಲಾದರೂ ಒಂದೆರಡು ಸಾರ್." ಅದಕ್ಕೇ ಮನೆಯವರನ್ನು ಹೊರಗೆ ಕೂರಿಸಿ ಮತ್ತೆ ಕೇಳುತ್ತೇನೆ, ಆಗ ಒಂದೆರಡು ಹೋಗಿ ಒಂದೆರಡು ಕಟ್ಟು ಆಗುತ್ತದೆ. ನಮಗೆ ಬೈಯುವ ಉದ್ದೇಶ ಇಲ್ಲ. ಯಾವ ಔಷಧಿ ತಯಾರಿಟ್ಟುಕೊಳ್ಳಬೇಕು, ಟ್ಯೂಬ್ ಯಾವಾಗ ತೆಗೆಯಬೇಕು ಎನ್ನುವುದಕ್ಕೆ ಆ ಲೆಕ್ಕ ಬೇಕು. ಡಾಕ್ಟರ್ ಆ ಪ್ರಶ್ನೆ ಕೇಳುವ ಹೊತ್ತಿಗೆ ನೀವು ಏನಾದರೂ ನೆಪ ಹೇಳಿ ಎದ್ದು ಹೊರಗೆ ಬನ್ನಿ.