ಒಂದೂವರೆ ಅಡಿಯ ಕುರುಡು ಹಾವು

ನಮಸ್ಕಾರ.

ತೆಂಗಿನ ಬುಡ ಬಿಡಿಸುವಾಗ ಸಿಕ್ಕ ಕುರುಡು ಹಾವಿನ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ. ಅಜ್ಜಿ ಬರುವ ಭಾಗವೂ ಇಷ್ಟವಾಯಿತು. ಆದರೆ ಎರಡನೇ ಪುಟಕ್ಕೆ ಬಂದಾಗ ಸಿಟ್ಟು ಬಂತು. ಇಲ್ಲಿ ಅದನ್ನಷ್ಟೇ ಹೇಳುತ್ತೇನೆ.

"ಒಂದೂವರೆ ಅಡಿ ಉದ್ದದ ಇದು ಬ್ರಾಹ್ಮಿಣಿ ಕುರುಡು ಹಾವು." ಸಾಧ್ಯವೇ ಇಲ್ಲ. ಬ್ರಾಹ್ಮಿಣಿ ಒಂದು ಗೇಣೂ ಇರುವುದಿಲ್ಲ. ಅದರ ಹಿಂದಿನ ಸಾಲಿನಲ್ಲಿ ನೀವೇ "ಮೂತಿ ಗಿಣಿಯ ಕೊಕ್ಕಿನ ಹಾಗೆ ಬಾಗಿತ್ತು" ಎಂದಿದ್ದೀರಿ. ಅಲ್ಲಿಗೆ ಮುಗೀತಲ್ಲ! ಅದು ಕೊಕ್ಕಿನ ಕುರುಡು ಹಾವು, ಎರಡು ಅಡಿವರೆಗೂ ಬೆಳೆಯುತ್ತದೆ. ನಿಮ್ಮ ಕಣ್ಣು ಸರಿಯಾಗಿಯೇ ನೋಡಿದೆ, ಹೆಸರು ಮಾತ್ರ ಫೋನಿನಿಂದ ಬಂದಿದೆ ಅಂತ ನನ್ನ ಗುಮಾನಿ.

"ಇದರಲ್ಲಿ ಗಂಡೇ ಇಲ್ಲ." ಇದೂ ಬ್ರಾಹ್ಮಿಣಿಯ ಮಾತು. ಹಾವುಗಳಲ್ಲಿ ಬರೀ ಹೆಣ್ಣುಗಳಿಂದಲೇ ವಂಶ ನಡೆಸುವುದು ಅದೊಂದೇ.

"ನಮ್ಮ ನೆಲ ಬಿಟ್ಟರೆ ಬೇರೆಲ್ಲೂ ಕಾಣದು." ಕೊಕ್ಕಿನದಕ್ಕೆ ಇದು ಸರಿ, ಅದು ನಮ್ಮ ದಕ್ಷಿಣದ ಪರ್ಯಾಯ ದ್ವೀಪದ್ದೇ. ಬ್ರಾಹ್ಮಿಣಿಗೆ ಪೂರ್ತಿ ಉಲ್ಟಾ. ಗಿಡದ ಕುಂಡದ ಮಣ್ಣಿನಲ್ಲಿ ಕೂತು ಹವಾಯಿ, ಫ್ಲೋರಿಡಾ ಮುಟ್ಟಿದ ಹಾವು ಅದು. ಜೋಡಿ ಬೇಡವಲ್ಲ, ಒಂದು ತಲುಪಿದರೆ ಸಾಕು, ಸಂಸಾರ ಶುರು.

ಇನ್ನು "ಕರ್ನಾಟಕದಾದ್ಯಂತ ಕಂಡುಬರುತ್ತದೆ." ಕಂಡವರು ಯಾರು? ನೀವು ಕಂಡದ್ದು ಒಂದು ಹಿತ್ತಲು. ಅದರ ಊರಿನ ಹೆಸರೂ ಲೇಖನದಲ್ಲಿಲ್ಲ, ತಿಂಗಳೂ ಇಲ್ಲ.

ಈ "ಆದ್ಯಂತ" ನೋಡಿದರೆ ನನಗೆ ಈಗಲೂ ಮುಖ ಬಿಸಿಯಾಗುತ್ತದೆ. ವಾರಪತ್ರಿಕೆಯೊಂದರಲ್ಲಿ ಕೆಲಸ ಕಲಿಯುತ್ತಿದ್ದಾಗ ಒಂದು ಅಡಿಕೆ ತೋಟದಲ್ಲಿ ಮಣ್ಣಿನೊಳಗಿನ ಸಣ್ಣ ಹಾವು ನೋಡಿ "ಮಲೆನಾಡಿನ ಎಲ್ಲೆಡೆ" ಅಂತ ಬರೆದಿದ್ದೆ. ಹಿರಿಯ ಸಂಪಾದಕರು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಬಸ್ ಚಾರ್ಜು ಕೈಗಿಟ್ಟು, "ಎಲ್ಲೆಡೆ ಹೋಗಿ ನೋಡ್ಕೊಂಡು ಬಾ" ಅಂದರು. ಬಾಲ ಹೇಗಿತ್ತು ಅಂತಲೂ ಕೇಳಿದರು. ನಾನು ಬರೀ ತಲೆ ನೋಡಿದ್ದೆ. ಓರೆಯಾಗಿ ಕತ್ತರಿಸಿದಂಥ, ಒರಟು ಗುರಾಣಿಯಂಥ ಬಾಲವೇ ಮಣ್ಣಿನೊಳಗೇ ಬಾಳುವ ಶೀಲ್ಡ್‌ಟೇಲ್ ಎಂಬ ಗುಂಪಿನ ಎಷ್ಟೋ ಹಾವುಗಳ ಗುರುತು ಅಂತ ಆಮೇಲೆ ಗೊತ್ತಾಯಿತು. ಎರಡು ಊರು ಸುತ್ತಿದೆ, ಒಂದೂ ಸಿಗಲಿಲ್ಲ. ಕೊನೆಗೆ ಅಚ್ಚಾಗಿದ್ದು "ಒಂದು ತೋಟದಲ್ಲಿ" ಅಂತಲೇ.

ಮೂತಿಯ ಫೋಟೋ ಇದ್ದರೆ ಕಳಿಸಿ. ಊರು, ತಿಂಗಳು ಸೇರಿಸಿ. ಅಜ್ಜಿಯನ್ನು ಮುಟ್ಟಬೇಡಿ.